ಇಂಗ್ಲೆಂಡಿನ ಚೈಲ್ಡ್‌ಮೈಂಡರ್ ಸೇವೆ: ನಾಲ್ಕನೇ ಮಗುವಿಗೆ ಕಾನೂನು ಜಾಗ ಕೊಟ್ಟಿದೆ, ಮನೆಯಲ್ಲಿ ಜಾಗ ಇದೆಯೇ?

ಹೆರಿಗೆ ರಜೆ ಮುಗಿಯುತ್ತ ಬಂತೆಂದರೆ ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯ ಕನ್ನಡದ ಮನೆಗಳಲ್ಲಿ ಒಂದೇ ಚರ್ಚೆ: ಮಗುವನ್ನು ನರ್ಸರಿಗೆ ಬಿಡುವುದೋ, ಚೈಲ್ಡ್‌ಮೈಂಡರ್ ಮನೆಗೆ ಬಿಡುವುದೋ. ಚೈಲ್ಡ್‌ಮೈಂಡರ್ ಎಂದರೆ ಸರಕಾರದಲ್ಲಿ ನೋಂದಾಯಿಸಿಕೊಂಡು, ತನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ದುಡ್ಡಿಗೆ ನೋಡಿಕೊಳ್ಳುವವರು. ಬೆಂಗಳೂರಿನಲ್ಲಿ ಪಕ್ಕದ ಮನೆ ಆಂಟಿ ಬಾಯಿಮಾತಿನಲ್ಲಿ ಮಾಡುವ ಕೆಲಸಕ್ಕೆ ಇಲ್ಲಿ ನಿಯಮ, ತಪಾಸಣೆ, ವಿಮೆ ಎಲ್ಲವೂ ಉಂಟು. ಈ ವಿಮರ್ಶೆ ಯಾವುದೋ ಒಂದು ಮನೆಯದ್ದಲ್ಲ, ಒಟ್ಟು ಸೇವೆಯದ್ದು. ಒಬ್ಬರು ಎಷ್ಟು ಮಕ್ಕಳನ್ನು ನೋಡಬಹುದು ಎಂಬ ನಿಯಮ 2023ರ ಸೆಪ್ಟೆಂಬರ್ 4ರಿಂದ ಸಡಿಲವಾಯಿತು. ಅದರಿಂದ ಕೊಡುವ ದುಡ್ಡಿಗೆ ಸಿಗುವುದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೇ ಇಲ್ಲಿನ ಪ್ರಶ್ನೆ. ಮಗುವನ್ನು ಬಿಡುವವರಿಗೂ, ಈ ಕೆಲಸ ಶುರು ಮಾಡಬೇಕೆಂದಿರುವವರಿಗೂ ಇದು ಉಪಯೋಗಕ್ಕೆ ಬರಬೇಕು.

ಮೊದಲು ನಿಯಮ. ಒಬ್ಬ ಚೈಲ್ಡ್‌ಮೈಂಡರ್ ಯಾವುದೇ ಒಂದು ಹೊತ್ತಿನಲ್ಲಿ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚು ನೋಡುವಂತಿಲ್ಲ. ಆ ಆರರಲ್ಲಿ 'ಸಣ್ಣ ಮಕ್ಕಳು' (ಸುಮಾರಾಗಿ ಐದರೊಳಗಿನವರು, ನಿಖರ ಲೆಕ್ಕ ಮುಂದಿದೆ) ಮೂರೇ ಇರಬೇಕು. ಆ ಮೂರರಲ್ಲಿ ಒಂದು ವರ್ಷ ತುಂಬದ ಕೂಸು ಒಂದೇ. ಸ್ವಂತ ಮಕ್ಕಳೂ ಈ ಲೆಕ್ಕದಲ್ಲಿ ಸೇರುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗಳಿದ್ದರೆ ಹೊರಗಿನವರಿಗೆ ಮಾರಲು ಉಳಿಯುವುದು ಎರಡೇ ಜಾಗ. ಎಂಟು ದಾಟಿದವರನ್ನು ಎಣಿಸುವುದಿಲ್ಲ, ಆದರೆ ಅವರಿಂದ ಚಿಕ್ಕವರ ಆರೈಕೆ ಕೆಡಬಾರದು. ಶಾಲೆಯ ಮೊದಲ ವರ್ಷವಾದ ರಿಸೆಪ್ಷನ್ ತರಗತಿಗೆ ಹೋಗುವ ನಾಲ್ಕು–ಐದು ವರ್ಷದವರು ಶಾಲೆಯ ಮುಂಚೆ, ಶಾಲೆಯ ನಂತರ ಅಥವಾ ರಜೆಯಲ್ಲಿ ಮಾತ್ರ ಬರುವುದಾದರೆ ಅವರನ್ನು ಮೂರು ಸಣ್ಣ ಮಕ್ಕಳ ಜೊತೆಗೇ ಇಟ್ಟುಕೊಳ್ಳಬಹುದು. ಏನೇ ವಿನಾಯಿತಿ ಇದ್ದರೂ ಆರರ ಗಡಿ ಮಾತ್ರ ಕದಲುವುದಿಲ್ಲ.

2023ರಲ್ಲಿ ಬದಲಾದದ್ದು ವಿನಾಯಿತಿಯ ಭಾಗ. ಅದಕ್ಕೆ ಮುಂಚೆ ಒಡಹುಟ್ಟಿದ ಕೂಸುಗಳಿಗೋ ಚೈಲ್ಡ್‌ಮೈಂಡರ್‌ಳ ಸ್ವಂತ ಕೂಸಿಗೋ ಮಾತ್ರ ರಿಯಾಯಿತಿ ಇತ್ತು. ಈಗ, ಆಗಲೇ ಬರುತ್ತಿರುವ ಮಗುವಿನ ಅಣ್ಣ, ತಂಗಿ, ತಮ್ಮ ಯಾರೇ ಆದರೂ, ಅಥವಾ ತನ್ನದೇ ಮಗುವಾದರೂ, ಮೂರರ ಮಿತಿ ದಾಟಿ ಸೇರಿಸಿಕೊಳ್ಳಬಹುದು. ಷರತ್ತು ಒಂದೇ: ಅಲ್ಲಿರುವ ಪ್ರತಿ ಮಗುವಿನ ಅಗತ್ಯವೂ ಪೂರೈಕೆಯಾಗುತ್ತಿದೆ ಎಂದು ತಂದೆತಾಯಿಗೂ, ತಪಾಸಣೆ ಮಾಡುವ ಆಫ್‌ಸ್ಟೆಡ್‌ಗೂ ತೋರಿಸಬೇಕು. ಇದಕ್ಕೆ ಆಫ್‌ಸ್ಟೆಡ್ ಮೊದಲೇ ಅನುಮತಿ ಪತ್ರ ಕೊಡುವುದಿಲ್ಲ. ನಿರ್ಧಾರ ಚೈಲ್ಡ್‌ಮೈಂಡರ್‌ಳದ್ದು, ಸಮರ್ಥನೆಯೂ ಅವಳದ್ದೇ. ಸುದ್ದಿಯಲ್ಲಿ ಇದು 'ಚೈಲ್ಡ್‌ಮೈಂಡರ್‌ಗಳು ಇನ್ನು ನಾಲ್ಕು ಮಕ್ಕಳನ್ನು ನೋಡಬಹುದು' ಎಂದು ಓಡಾಡಿತು. ಅದು ತಪ್ಪು. ನಾಲ್ಕನೆಯದು ಬೇರೆ ಮನೆಯ ಮಗುವಾದರೆ ಇವತ್ತಿಗೂ ನಿಯಮಭಂಗವೇ.

ವಯಸ್ಸಿನ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಸಣ್ಣ ಮಗು ಎಂಬ ಪಟ್ಟಿಯಿಂದ ಹೊರಬರುವುದು ಐದನೇ ಹುಟ್ಟುಹಬ್ಬದಂದಲ್ಲ, ಆ ಹುಟ್ಟುಹಬ್ಬದ ನಂತರ ಬರುವ ಸೆಪ್ಟೆಂಬರ್ 1ರಂದು. 2020ರ ಆಗಸ್ಟ್ 30ರಂದು ಹುಟ್ಟಿದ ಮಗು 2025ರ ಸೆಪ್ಟೆಂಬರ್ 1ಕ್ಕೇ ಹೊರಗೆ. 2020ರ ಸೆಪ್ಟೆಂಬರ್ 2ರಂದು ಹುಟ್ಟಿದ್ದು 2026ರ ಸೆಪ್ಟೆಂಬರ್‌ವರೆಗೆ ಪಟ್ಟಿಯಲ್ಲೇ. ಮೂರು ದಿನದ ಅಂತರ, ಒಂದು ವರ್ಷದ ಜಾಗ. ಹೀಗಾಗಿ ಈ ವ್ಯವಹಾರದಲ್ಲಿ ಜಾಗ ಖಾಲಿಯಾಗುವುದು ಸೆಪ್ಟೆಂಬರ್‌ನಲ್ಲಿ. ಫೆಬ್ರವರಿಯಲ್ಲಿ ಫೋನ್ ಮಾಡಿ 'ಮುಂದಿನ ತಿಂಗಳು ಆಗುತ್ತದೆಯೇ' ಎಂದರೆ ಇಲ್ಲ ಎಂಬ ಉತ್ತರವೇ ಬರುವುದು ಇದಕ್ಕೆ. ಹೇಳುವವರ ಬಿಗುಮಾನ ಅಲ್ಲ ಅದು.

'ಯಾವುದೇ ಒಂದು ಹೊತ್ತಿನಲ್ಲಿ' ಎಂಬ ಮಾತಿಗೂ ತೂಕ ಇದೆ. ಬೆಳಗಿನ ಮಗು ಒಂದು ಗಂಟೆಗೆ ಹೋಗುತ್ತದೆ, ಮಧ್ಯಾಹ್ನದ್ದು ಒಂದು ಗಂಟೆಗೆ ಬರುತ್ತದೆ ಎಂದು ಕಾಗದದಲ್ಲಿ ಬರೆದಿರುತ್ತದೆ. ಮೊದಲನೆಯವರ ಅಪ್ಪ ಟ್ರಾಫಿಕ್‌ನಲ್ಲಿ ಸಿಕ್ಕಿ ಹತ್ತು ನಿಮಿಷ ತಡವಾದರೆ ಆ ಹತ್ತು ನಿಮಿಷ ಮನೆಯಲ್ಲಿ ನಾಲ್ಕು ಸಣ್ಣ ಮಕ್ಕಳು, ಅದೂ ಸಂಬಂಧವಿಲ್ಲದವರು. ಮಕ್ಕಳ ಹೆಸರು, ಅವರು ಇದ್ದ ಸಮಯ ಎರಡನ್ನೂ ದಾಖಲಿಸುವುದು ಕಡ್ಡಾಯವಾದ್ದರಿಂದ ಆ ಹತ್ತು ನಿಮಿಷ ಹಾಜರಿಯಲ್ಲಿ ಉಳಿದುಬಿಡುತ್ತದೆ. ಎರಡು ಪಾಳಿಯ ನಡುವೆ ಕಾಲು ಗಂಟೆ ಬಿಡುವು ಇಟ್ಟು ಒಪ್ಪಂದ ಬರೆಯುವವರು ಕೆಲಸ ಬಲ್ಲವರು. ತಡವಾದರೆ ದಂಡ ಎಂದು ಬರೆದಿದ್ದಾರೆಂದು ಅವರ ಮೇಲೆ ಮುನಿಸಿಕೊಳ್ಳಬೇಡಿ.

ಈ ಸೇವೆಯ ದೊಡ್ಡ ಕೊರತೆ ಕೂಸಿನ ಜಾಗ. 2023ರ ಸಡಿಲಿಕೆ ಇದನ್ನು ಹೆಚ್ಚೇನೂ ಮುಟ್ಟಲಿಲ್ಲ. ಇಲ್ಲಿ ಶಾಸನಬದ್ಧ ಹೆರಿಗೆ ಸಂಬಳ 39 ವಾರ, ಅಂದರೆ ಸುಮಾರು ಒಂಬತ್ತು ತಿಂಗಳು. ದುಡ್ಡು ನಿಂತ ಕೂಡಲೇ ತಾಯಂದಿರು ಕೆಲಸಕ್ಕೆ ಮರಳುತ್ತಾರೆ, ಮಗುವಿಗೆ ಆಗ ಇನ್ನೂ ವರ್ಷ ತುಂಬಿರುವುದಿಲ್ಲ. ಒಂದು ಮನೆಗೆ ಅಂಥ ಕೂಸು ಒಂದೇ. ಆ ಕೂಸಿಗೆ ಮೂರು ತಿಂಗಳಲ್ಲಿ ವರ್ಷ ತುಂಬಿದಾಗ ಕೂಸಿನ ಜಾಗ ತೆರವಾಗುತ್ತದೆ, ಸರಿ. ಆದರೆ ಮಗು ಎಲ್ಲಿಗೂ ಹೋಗುವುದಿಲ್ಲ, ಮೂರು ಸಣ್ಣ ಮಕ್ಕಳಲ್ಲಿ ಒಂದಾಗಿ ಶಾಲೆಗೆ ಸೇರುವ ತನಕ ಅಲ್ಲೇ ಇರುತ್ತದೆ. ಕೂಸಿನ ಜಾಗ ಖಾಲಿ, ಒಟ್ಟು ಜಾಗ ಭರ್ತಿ. ಹೊಸ ಕೂಸನ್ನು ಸೇರಿಸಿಕೊಳ್ಳಲು ಎರಡೂ ಒಟ್ಟಿಗೆ ಖಾಲಿ ಇರಬೇಕು.

ಸರಕಾರವೇ ದುಡ್ಡು ಕೊಡುವ ಆರೈಕೆಯ ಉಚಿತ ಗಂಟೆಗಳು ಈ ಇಕ್ಕಟ್ಟನ್ನು ಬಿಡಿಸುತ್ತವೆ ಎಂದುಕೊಂಡವರು ದಿನಾಂಕ ನೋಡಬೇಕು. ದುಡಿಯುವ ತಂದೆತಾಯಿಯ ಮಗುವಿಗೆ ಒಂಬತ್ತು ತಿಂಗಳಿಂದ ವಾರಕ್ಕೆ 15 ಗಂಟೆ 2024ರ ಸೆಪ್ಟೆಂಬರ್‌ನಲ್ಲಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು 30 ಗಂಟೆಯಾಯಿತು. ಆದರೆ ಲಾಭ ಶುರುವಾಗುವುದು ಒಂಬತ್ತು ತಿಂಗಳು ತುಂಬಿದ ಮೇಲೆ ಬರುವ ಅವಧಿಯಿಂದ, ಅಂದರೆ ಜನವರಿ 1, ಏಪ್ರಿಲ್ 1 ಅಥವಾ ಸೆಪ್ಟೆಂಬರ್ 1ರಿಂದ. ಡಿಸೆಂಬರ್ ಕೊನೆಗೆ ಒಂಬತ್ತು ತುಂಬಿದರೆ ಅದೃಷ್ಟ, ಜನವರಿಗೇ ಸಿಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ತುಂಬಿದರೆ ಸೆಪ್ಟೆಂಬರ್‌ವರೆಗೆ ಕೈಯಿಂದಲೇ ಕಟ್ಟಬೇಕು. ಅಷ್ಟರಲ್ಲಿ ಮಗುವಿಗೆ ಹದಿನಾಲ್ಕು ತಿಂಗಳು. ಇನ್ನೊಂದು, 30 ಗಂಟೆ ಎಂದರೆ ವರ್ಷಕ್ಕೆ 38 ವಾರ, ಒಟ್ಟು 1,140 ಗಂಟೆ. ವರ್ಷಪೂರ್ತಿ ಹರಡಿದರೆ ವಾರಕ್ಕೆ ಸುಮಾರು 22 ಗಂಟೆ. ಅದಕ್ಕಿಂತ ಮೇಲಿನದಕ್ಕೆ ಬಿಲ್ ಬರುತ್ತದೆ. ಊಟ, ನ್ಯಾಪಿಗೆ ಬೇರೆ ಕೇಳಬಹುದು, ಆದರೆ ಅದನ್ನು ಕೊಟ್ಟರೆ ಮಾತ್ರ ಜಾಗ ಎಂದು ಷರತ್ತು ಹಾಕುವಂತಿಲ್ಲ. ಬಿಲ್‌ನಲ್ಲಿ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ತೋರಿಸಬೇಕು.

ಈಗ ಮನೆಯೊಳಗೆ ಬರೋಣ, ವಿಷಯ ಇರುವುದೇ ಅಲ್ಲಿ. ನಾಲ್ಕನೇ ಸಣ್ಣ ಮಗುವಿಗೆ ಕಾಗದದಲ್ಲಿ ಒಪ್ಪಿಗೆ ಸಿಕ್ಕ ದಿನ ಕಾರು ದೊಡ್ಡದಾಗುವುದಿಲ್ಲ. ಸಾಮಾನ್ಯ ಐದು ಸೀಟಿನ ಕಾರಿನ ಹಿಂದೆ ಐಸೋಫಿಕ್ಸ್ (ಮಕ್ಕಳ ಸೀಟನ್ನು ಸಿಕ್ಕಿಸುವ ಕೊಂಡಿ) ಇರುವುದು ಬಹುಪಾಲು ಎರಡು ಬದಿಯ ಸೀಟುಗಳಿಗೆ. ಮಧ್ಯಕ್ಕೆ ಬೆಲ್ಟಿನಿಂದ ಕಟ್ಟುವ ಮಕ್ಕಳ ಸೀಟು ಹಾಕಬೇಕು, ಮೂರು ಸೀಟು ಅಕ್ಕಪಕ್ಕ ಕೂರದ ಕಾರುಗಳೇ ಹೆಚ್ಚು. ಐ-ಸೈಜ್ (ಮಗುವಿನ ಎತ್ತರ ನೋಡಿ ಆರಿಸುವ) ಸೀಟಿನಲ್ಲಿ ಹದಿನೈದು ತಿಂಗಳವರೆಗೆ ಮಗು ಹಿಂಮುಖವಾಗಿಯೇ ಇರಬೇಕು. ಅಂಥ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡುವುದು ಕಾನೂನಿಗೆ ವಿರುದ್ಧ. ಅಲ್ಲಿಗೆ ನಾಲ್ಕು ಮಕ್ಕಳೆಂದರೆ ಏಳು ಸೀಟಿನ ಕಾರು, ಅದಕ್ಕೆ ವ್ಯಾಪಾರದ ಬಳಕೆಯ ವಿಮೆ. ನಡೆದೇ ಹೋಗುತ್ತೇನೆ ಎನ್ನುವವರ ಲೆಕ್ಕ ಹೀಗೆ: ಜೋಡಿ ತಳ್ಳುಗಾಡಿಯಲ್ಲಿ (ಬಗ್ಗಿ) ಇಬ್ಬರು, ಹಿಂದಿನ ಹಲಗೆಯ ಮೇಲೆ ನಿಂತವನು ಒಬ್ಬ, ಪಟ್ಟಿ ಕಟ್ಟಿಕೊಂಡು ನಡೆಯುವವಳು ಒಬ್ಬಳು. ಮಧ್ಯಾಹ್ನ ಮೂರಕ್ಕೆ ಶಾಲೆಯಿಂದ ದೊಡ್ಡವರನ್ನು ಕರೆತರುವಾಗ ಇನ್ನಿಬ್ಬರು ಸೇರುತ್ತಾರೆ. ಮಳೆಯಲ್ಲಿ, ರಸ್ತೆ ದಾಟುವಾಗ, ಒಬ್ಬರ ಎರಡು ಕೈಗೆ ಆರು ಮಕ್ಕಳು. ಭೇಟಿಗೆ ಹೋಗುವುದಾದರೆ ಈ ಹೊತ್ತಿಗೇ ಹೋಗಿ. ಬೆಳಗ್ಗೆ ಹತ್ತಕ್ಕೆ ಎಲ್ಲ ಮನೆಯೂ ಚಂದವೇ.

ಊಟದ ನಿಯಮ 2023ರ ಅದೇ ಸೆಪ್ಟೆಂಬರ್‌ನಲ್ಲಿ ಬಿಗಿಯಾಯಿತು. ಉಳಿದ ವೇಳೆಯಲ್ಲಿ ಮಗು ಕನಿಷ್ಠ ಕಣ್ಣಿಗೆ ಬೀಳುತ್ತಿರಬೇಕು ಅಥವಾ ಕಿವಿಗೆ ಕೇಳುತ್ತಿರಬೇಕು. ತಿನ್ನುವಾಗ ಮಾತ್ರ ಎರಡೂ ಬೇಕು. 2025ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮಾವಳಿ, ಸಾಧ್ಯವಿದ್ದಲ್ಲೆಲ್ಲ ಮಕ್ಕಳಿಗೆ ಎದುರಾಗಿ ಕೂರಬೇಕೆನ್ನುತ್ತದೆ. ಕಾರಣ ಸರಳ: ಗಂಟಲಿಗೆ ಸಿಕ್ಕಿಕೊಂಡ ಮಗು ಸದ್ದು ಮಾಡುವುದಿಲ್ಲ. ನಾಲ್ಕು ಎತ್ತರದ ಕುರ್ಚಿಗಳು ಎದುರಿಗೆ ಕಾಣುವಂತೆ ಕೂರಿಸಲು ಇಲ್ಲಿನ ಸಾಧಾರಣ ಅಡುಗೆಮನೆಯಲ್ಲಿ ಜಾಗವಿಲ್ಲ. ನ್ಯಾಪಿ ಬದಲಿಸಲು ಒಂದು ಮಗುವನ್ನು ಎತ್ತಿಕೊಂಡು ಹೋದರೆ ಉಳಿದವರ ತಟ್ಟೆ ತೆಗೆದೇ ಹೋಗಬೇಕು. ಡಬ್ಬಿ ಕಟ್ಟಿಕೊಡುವ ನಮ್ಮವರಿಗೂ ಇಲ್ಲೊಂದು ಮಾತು: ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಗೋಡಂಬಿ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ನಾಲ್ಕು ಭಾಗ ಮಾಡಿ. ಒಗ್ಗರಣೆಯ ಕಡಲೆಬೇಳೆ ಗಟ್ಟಿ ಇದ್ದರೆ ಆರಿಸಿ ತೆಗೆಯಿರಿ. ಚಕ್ಕುಲಿ ಮನೆಯಲ್ಲಿರಲಿ. ಮೊಸರನ್ನ, ಮೆತ್ತಗಿನ ಇಡ್ಲಿ, ಬೇಯಿಸಿದ ತರಕಾರಿ ಹಾಕಿದ ಕಿಚಡಿ ಕಟ್ಟಿದರೆ ಎಲ್ಲರಿಗೂ ನೆಮ್ಮದಿ.

ಬೆಂಕಿಯ ಪ್ರಶ್ನೆ ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಅದನ್ನೇ. ಮಧ್ಯಾಹ್ನ ಒಂದೂವರೆಗೆ ಇಬ್ಬರು ಮಹಡಿಯಲ್ಲಿ ಮಲಗಿದ್ದಾರೆ, ಇಬ್ಬರು ಕೆಳಗೆ ಆಡುತ್ತಿದ್ದಾರೆ. ಹೊಗೆ ಅಲಾರಂ ಹೊಡೆದರೆ ಒಬ್ಬಳೇ ಹೆಂಗಸು ಯಾವ ಕ್ರಮದಲ್ಲಿ ನಾಲ್ವರನ್ನು ಹೊರಗೆ ತರುತ್ತಾಳೆ? ಚೆನ್ನಾಗಿ ನಡೆಸುವವರು ಎಲ್ಲರನ್ನೂ ಕೆಳಮಹಡಿಯ ಒಂದೇ ಕೋಣೆಯಲ್ಲಿ ಮಲಗಿಸುತ್ತಾರೆ, ಬಾಗಿಲ ಬೀಗದ ಕೈ ಎಟುಕುವ ಎತ್ತರದಲ್ಲಿ ತೂಗಿರುತ್ತದೆ, ಎಲ್ಲರನ್ನೂ ಹೊರಗೆ ತರುವ ಅಭ್ಯಾಸ ಮಾಡಿದ ತಾರೀಕು ಪುಸ್ತಕದಲ್ಲಿರುತ್ತದೆ. ನೆಲದ ಅಳತೆಯೂ ಅಡ್ಡ ಬರುತ್ತದೆ: ಎರಡು ವರ್ಷದೊಳಗಿನ ಮಗುವಿಗೆ 3.5 ಚದರ ಮೀಟರ್, ಎರಡು ವರ್ಷದವರಿಗೆ 2.5, ಮೂರರಿಂದ ಐದಕ್ಕೆ 2.3. ಅಡುಗೆಮನೆ, ಓಡಾಡುವ ದಾರಿ, ಶೌಚಾಲಯ ಇದರಲ್ಲಿ ಸೇರುವುದಿಲ್ಲ. ಸೋಫಾ, ಟಿವಿ ಇಟ್ಟ ಹಾಲ್‌ನಲ್ಲಿ ಟೇಪು ಹಿಡಿದು ನೋಡಿದರೆ ನಾಲ್ಕನೇ ಮಗು ಎಲ್ಲಿ ಕೂರುತ್ತದೆ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಚೈಲ್ಡ್‌ಮೈಂಡರ್‌ಗೆ ಲಾಭವೇನು? ಲೆಕ್ಕಕ್ಕೆ ಗಂಟೆಗೆ 6 ಪೌಂಡ್ ಎಂದಿಟ್ಟುಕೊಳ್ಳಿ. ಮೂರು ಮಕ್ಕಳಿಗೆ ಗಂಟೆಗೆ 18. ನಾಲ್ಕನೆಯದು ಒಡಹುಟ್ಟು, ಶೇ. 10 ರಿಯಾಯಿತಿ ಕೊಟ್ಟರೂ 5.40 ಸೇರಿ 23.40. ಆದಾಯ ಶೇ. 30 ಏರಿತು, ಕೈ ಅಷ್ಟೇ. ಇನ್ನೊಂದು ದಾರಿ, ಸಹಾಯಕಿಯನ್ನು ಇಟ್ಟುಕೊಳ್ಳುವುದು. ಆಗ ಮಿತಿ ಇಮ್ಮಡಿ: ಆರು ಸಣ್ಣ ಮಕ್ಕಳು, ಅದರಲ್ಲಿ ಎರಡು ಕೂಸು. ಆರಕ್ಕೆ ಗಂಟೆಗೆ 36 ಪೌಂಡ್, 2025ರ ಏಪ್ರಿಲ್‌ನ ಕನಿಷ್ಠ ವೇತನ 12.21 ಕಳೆದರೆ 23.79. ಒಬ್ಬಳೇ ನಾಲ್ವರನ್ನು ನೋಡಿ ಗಳಿಸುವುದಕ್ಕಿಂತ 39 ಪೆನ್ಸ್ ಜಾಸ್ತಿ! ಅದರಲ್ಲೇ ಸಹಾಯಕಿಯ 5.6 ವಾರದ ಸಂಬಳ ಸಹಿತ ರಜೆ, ಪಿಂಚಣಿಯ ಪಾಲು, ಇನ್ನಿಬ್ಬರು ಮಕ್ಕಳ ಊಟ. ಸಹಾಯಕಿಯೊಬ್ಬಳ ಕೈಗೇ ಮಕ್ಕಳನ್ನು ಬಿಟ್ಟು ಹೋಗುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು, ದಿನಕ್ಕೆ ಎರಡು ಗಂಟೆ ಮೀರುವಂತಿಲ್ಲ, ಅವಳಿಗೂ ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಇರಬೇಕು. ಸಡಿಲಿಕೆ ಯಾರ ಪರ ಎಂಬುದು ಈ ಅಂಕಿಗಳಲ್ಲೇ ಕಾಣುತ್ತದೆ: ಮಗುವಿನ ಪರವಾದ ಎರಡನೇ ಜೋಡಿ ಕೈ ನಷ್ಟದ ಬಾಬತ್ತು, ಒಂದೇ ಜೋಡಿ ಕೈಗೆ ನಾಲ್ಕನೇ ಮಗು ಲಾಭದ ಬಾಬತ್ತು.

ಅಷ್ಟಾದರೂ, ಒಡಹುಟ್ಟಿದವರಿಗೆ ಈ ಬದಲಾವಣೆ ನಿಜಕ್ಕೂ ಒಳ್ಳೆಯದು. ಹಿಂದೆ ಎರಡನೇ ಮಗು ಹುಟ್ಟಿದಾಗ 'ಜಾಗ ಭರ್ತಿ' ಎಂಬ ಕಾರಣಕ್ಕೆ ದೊಡ್ಡದನ್ನೂ ಬಿಡಿಸಿ ಬೇರೆಡೆ ಸೇರಿಸಬೇಕಾಗುತ್ತಿತ್ತು. ಈಗ ಅದೇ ಮನೆಗೆ ಇಬ್ಬರೂ ಹೋಗಬಹುದು, ದಾರಿ ಒಂದೇ, ಬಿಡುವ ಹೊತ್ತು ಒಂದೇ.

ನರ್ಸರಿಯೊಂದಿಗೆ ಹೋಲಿಸದೆ ತೀರ್ಪು ಹೇಳಲಾಗದು. ಅಲ್ಲೂ 2023ರ ಅದೇ ದಿನ ಎರಡು ವರ್ಷದವರ ಅನುಪಾತ ಒಬ್ಬ ಸಿಬ್ಬಂದಿಗೆ ನಾಲ್ಕು ಮಕ್ಕಳಿಂದ ಐದಕ್ಕೆ ಏರಿತು. ಸ್ಕಾಟ್ಲೆಂಡಿನಲ್ಲಿ ಹಾಗೇ ಇದೆ ಎಂಬುದು ಸರಕಾರದ ವಾದ. ಎರಡು ದಾಟದವರಿಗೆ ಒಬ್ಬರಿಗೆ ಮೂರು ಹಾಗೇ ಉಳಿಯಿತು. ಇದು ಗರಿಷ್ಠ ಮಿತಿ, ಕಡ್ಡಾಯವಲ್ಲ. ನಾಲ್ಕಕ್ಕೇ ನಿಲ್ಲಿಸುವ ನರ್ಸರಿಗಳೂ ಇವೆ, ಕೇಳಿ ತಿಳಿದುಕೊಳ್ಳಬೇಕು. ಎರಡು ವರ್ಷದ ಒಂಟಿ ಮಗುವಿಗೆ, ಮೂರೇ ಸಣ್ಣ ಮಕ್ಕಳಿರುವ ಚೈಲ್ಡ್‌ಮೈಂಡರ್ ಮನೆ ಐವರ ಗುಂಪಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ನರ್ಸರಿಯ ಬಲ ಬೇರೆ: ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿರುತ್ತಾರೆ. ಚೈಲ್ಡ್‌ಮೈಂಡರ್‌ಗೆ ಜ್ವರ ಬಂದರೆ ಅಂದು ನಿಮಗೂ ರಜೆ. ಪಾಳಿಯಲ್ಲಿ ದುಡಿಯುವ ಸರಕಾರಿ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ನರ್ಸ್, ಡಾಕ್ಟರ್‌ಗಳಿಗೆ ಮಾತ್ರ ಬೆಳಗ್ಗೆ ಆರೂವರೆಗೆ ಬಾಗಿಲು ತೆರೆಯಲು ಒಪ್ಪುವುದು ಚೈಲ್ಡ್‌ಮೈಂಡರೇ.

ನಮ್ಮ ಜನ ತಿಳಿದಿರಲೇಬೇಕಾದ ಕೆಲವು ವಿಷಯ. ಗಂಡಹೆಂಡತಿ ಇಬ್ಬರ ವೀಸಾದಲ್ಲೂ ಸಾರ್ವಜನಿಕ ನಿಧಿಯ ನೆರವಿಲ್ಲ ಎಂದಿದ್ದರೆ ದುಡಿಯುವವರ 30 ಗಂಟೆಯೂ ಇಲ್ಲ, ಎಂಟು ಪೌಂಡಿಗೆ ಸರಕಾರ ಎರಡು ಸೇರಿಸುವ ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಖಾತೆಯೂ ಇಲ್ಲ. ಮೂರು–ನಾಲ್ಕು ವರ್ಷದವರ 15 ಗಂಟೆ ಮಾತ್ರ ಎಲ್ಲರಿಗೂ ಉಂಟು, ವೀಸಾ ಯಾವುದಾದರೂ. ಇಬ್ಬರಲ್ಲಿ ಒಬ್ಬರ ಆದಾಯ ವರ್ಷಕ್ಕೆ ಒಂದು ಲಕ್ಷ ಪೌಂಡ್ ದಾಟಿದರೂ 30 ಗಂಟೆ ಹೋಗುತ್ತದೆ. ಸಿಗುವವರು ಮೂರು ತಿಂಗಳಿಗೊಮ್ಮೆ ವಿವರ ದೃಢಪಡಿಸದಿದ್ದರೆ ಅರ್ಹತೆ ತೋರಿಸಲು ಸರಕಾರ ಕೊಟ್ಟ ಕೋಡ್ ಸಾಯುತ್ತದೆ.

ನೀವೇ ಚೈಲ್ಡ್‌ಮೈಂಡರ್ ಆಗುವುದಾದರೆ ಮನೆಯಲ್ಲಿ ವಾಸಿಸುವ ಹದಿನಾರು ದಾಟಿದ ಎಲ್ಲರಿಗೂ ಡಿಬಿಎಸ್ (ಅಪರಾಧ ದಾಖಲೆಯ) ತಪಾಸಣೆ ಆಗಬೇಕು. ಅತ್ತೆಮಾವ ಮೈಸೂರಿನಿಂದ ಬಂದು ಆರು ತಿಂಗಳು ಇದೇ ಮನೆಯಲ್ಲಿ ಇರುವುದಾದರೆ ಆಫ್‌ಸ್ಟೆಡ್‌ಗೆ ತಿಳಿಸಿ ಮುಂದುವರಿಯಿರಿ. ಹೊಸಬರು ವಾಸಕ್ಕೆ ಬಂದ ಹದಿನಾಲ್ಕು ದಿನದೊಳಗೆ ತಿಳಿಸುವುದು ನಿಯಮ. ಅವರು ಮಗುವನ್ನು ಎತ್ತಿ ಆಡಿಸಬಹುದು, ಅನುಪಾತದ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಒಡಹುಟ್ಟಿದ ಅಕ್ಕನ ಮಗುವನ್ನು ನೋಡಿಕೊಂಡರೆ ಅದು ಅನುಪಾತದಲ್ಲಿ ಎಣಿಕೆಯಾಗುತ್ತದೆ, ಆದರೆ ಉಚಿತ ಗಂಟೆಯ ಹಣ ಬರುವುದಿಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಕಾನೂನಿನ ಕಣ್ಣಿಗೆ ಸಂಬಂಧಿಕರು. ದೊಡ್ಡಪ್ಪನ ಮಗಳ ಮಗು ಆ ಪಟ್ಟಿಯಲ್ಲಿಲ್ಲ, ನಮಗೆ ಅವಳೂ ಅಕ್ಕನೇ ಆದರೂ.

ಪ್ರವೇಶ 2024ರ ಜನವರಿಯಿಂದ ಸುಲಭವಾಗಿದೆ. ಚೈಲ್ಡ್‌ಮೈಂಡರ್‌ಗಳಿಗೇ ಪ್ರತ್ಯೇಕ ನಿಯಮಾವಳಿ ಬಂತು, ನೋಂದಣಿಗೆ ಮುಂಚಿನ ತರಬೇತಿ ಕಡ್ಡಾಯವಲ್ಲ, ತಿಳಿವಳಿಕೆ ತೋರಿಸಿದರೆ ಸಾಕು. ಹನ್ನೆರಡು ಗಂಟೆಯ ಪ್ರಥಮ ಚಿಕಿತ್ಸೆಯ ಕೋರ್ಸ್ ಮಾತ್ರ ತಪ್ಪದು, ಮೂರು ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು. ಅದೇ ವರ್ಷದ ನವೆಂಬರ್‌ನಿಂದ ನಾಲ್ವರು ಒಟ್ಟಿಗೆ ಒಂದೇ ಮನೆಯಲ್ಲಿ ಕೆಲಸ ಮಾಡಬಹುದು, ಬೇಕೆಂದರೆ ಪೂರ್ತಿ ಸಮಯವೂ ಸಮುದಾಯ ಭವನದಂಥ ಜಾಗದಲ್ಲೇ ನಡೆಸಬಹುದು. ಚೈಲ್ಡ್‌ಮೈಂಡರ್‌ಗಳ ಸಂಖ್ಯೆ ಹತ್ತು–ಹನ್ನೆರಡು ವರ್ಷದಲ್ಲಿ ಹತ್ತಿರಹತ್ತಿರ ಅರ್ಧಕ್ಕಿಳಿದಿರುವಾಗ ಸರಕಾರಕ್ಕೆ ಬೇರೆ ದಾರಿ ಇರಲಿಲ್ಲವೇನೋ. ಗ್ರಾಹಕರಿಗೆ ಇದರ ಅರ್ಥ, ಗುಣಮಟ್ಟ ಮನೆಯಿಂದ ಮನೆಗೆ ಇನ್ನಷ್ಟು ಬೇರೆಯಾಗುತ್ತದೆ, ನೋಂದಣಿ ಪತ್ರ ನೋಡಿ ಒಪ್ಪಿಕೊಂಡರೆ ಸಾಲದು.

ಅಂಕ ಕೊಡುವುದಾದರೆ: ಒಡಹುಟ್ಟಿದ ಇಬ್ಬರಿಗೆ ಐದಕ್ಕೆ ನಾಲ್ಕೂವರೆ. ಎರಡು ವರ್ಷದ ಒಂಟಿ ಮಗುವಿಗೆ ನಾಲ್ಕು, ಅಲ್ಲಿ ಮೂರೇ ಸಣ್ಣ ಮಕ್ಕಳಿದ್ದರೆ, ನಾಲ್ಕನೆಯದಿದ್ದರೆ ಮೂರು. ಒಂಬತ್ತು ತಿಂಗಳ ಕೂಸಿಗೆ ಸೇವೆ ಚೆನ್ನ, ಸಿಗುವುದು ಅಪರೂಪ, ಹಾಗಾಗಿ ಎರಡೂವರೆ.

ಸಹಿ ಹಾಕುವ ಮುಂಚೆ ಮೂರು ಕಾಗದ ಕೇಳಿ. ಒಂದು, ಈಗಿನ ಮಕ್ಕಳ ಹುಟ್ಟಿದ ತಿಂಗಳು ಮತ್ತು ಬರುವ ಹೊತ್ತಿನ ವಾರದ ಪಟ್ಟಿ, ಹೆಸರಿಲ್ಲದೆ. ಅದರಲ್ಲೇ ಅನುಪಾತ ಎಣಿಸಿಬಿಡಬಹುದು. ಇನ್ನೊಂದು, ಸಾರ್ವಜನಿಕ ಹೊಣೆಗಾರಿಕೆಯ ವಿಮೆ. ನಾಲ್ಕನೇ ಸಣ್ಣ ಮಗುವಿದ್ದರೆ ಅದನ್ನು ವಿಮೆಯವರಿಗೆ ತಿಳಿಸಿ ಪಡೆದ ಉತ್ತರವೂ ಇರಲಿ. ಮತ್ತೊಂದು, ವಿನಾಯಿತಿ ಬಳಸಿದ್ದರೆ ಅದರ ಲಿಖಿತ ಸಮರ್ಥನೆ: ಊಟ, ನಿದ್ದೆ, ಶಾಲೆಯ ಓಡಾಟ, ಬೆಂಕಿ, ಒಂದೊಂದಕ್ಕೂ ಏನು ಮಾಡುತ್ತಾರೆ ಎಂದು. ಒಪ್ಪಂದದಲ್ಲಿ ಒಂದು ಸಾಲು ಸೇರಿಸಲು ಹೇಳಿ: ಮನೆಯಲ್ಲಿ ಸಣ್ಣ ಮಕ್ಕಳ ಸಂಖ್ಯೆ ಮೂರನ್ನು ದಾಟುವ ಮುಂಚೆ ನಾಲ್ಕು ವಾರದ ಸೂಚನೆ, ಒಪ್ಪದಿದ್ದರೆ ನೋಟಿಸ್ ಶುಲ್ಕವಿಲ್ಲದೆ ಬಿಡಿಸಿಕೊಳ್ಳುವ ಹಕ್ಕು. ಜಾಗ ಕಾಯ್ದಿರಿಸಲು ಮುಂಗಡ ಕೇಳಿದರೆ, ಕೂಸಿನ ಜಾಗ ಆ ತಾರೀಕಿಗೆ ತೆರವಾಗದಿದ್ದಲ್ಲಿ ಮುಂಗಡ ಪೂರ್ತಿ ವಾಪಸ್ ಎಂಬುದನ್ನೂ ಅದರ ಕೆಳಗೇ ಬರೆಸಿಕೊಳ್ಳಿ.